ಮಗಳಿಗೊಂದು ಪತ್ರ: ಕೇರಿಯಲ್ಲೂ ಕೂತು ನೋಡು

ಪುಟ್ಟಿ,

ಪಿಎಚ್‌ಡಿಗೆ ನಮ್ಮೂರ ಮಾರಿಹಬ್ಬ ತಗೋಬೇಕು ಅಂತ ನಿನಗೆ ಆಸೆಯಂತೆ, ಆದರೆ ವಿಷಯ ತೀರಾ ಚಿಕ್ಕದಾಯ್ತೇನೋ ಅಂತ ಹಿಂಜರಿಕೆಯಂತೆ. ಅಮ್ಮ ಹೇಳಿದಳು. ಖಂಡಿತ ಚಿಕ್ಕದಲ್ಲ, ಧೈರ್ಯವಾಗಿ ತಗೋ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮುಂಬೈಯಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು ಘುರ್ಯೆ ಅವರ ಹತ್ತಿರ ಓದಿ, ಆಕ್ಸ್‌ಫರ್ಡ್‌ವರೆಗೂ ಹೋದವರು. ಅಷ್ಟು ದೂರ ಹೋಗಿ ಬರೆದದ್ದು ಪಕ್ಕದ ಕೊಡಗಿನ ಬಗ್ಗೆ! ಒಕ್ಕ, ಅಂದ್ರೆ ಕೊಡವರ ಕೂಡುಕುಟುಂಬ, ಹೇಗೆ ನಡೆಯುತ್ತೆ, ಮಡಿ ಮೈಲಿಗೆ ಹೇಗೆ, ಹಬ್ಬದಲ್ಲಿ ಯಾವ ಜಾತಿಗೆ ಯಾವ ಕೆಲಸ, ಎಲ್ಲ ಬಿಡಿಬಿಡಿಯಾಗಿ ಬರೆದ ಆ ಪುಸ್ತಕ 1952ರಲ್ಲಿ ಬಂತು. ಕೆಳಗಿನ ಜಾತಿಯವರು ಮಾಂಸ ಬಿಟ್ಟು, ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು ಸ್ಥಾನ ಏರಿಸಿಕೊಳ್ಳೋದನ್ನ ಸಂಸ್ಕೃತೀಕರಣ ಅಂತ ಕರೆದವರು ಅವರೇ.

1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಸ್ಥೆಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ತಿದ್ದಿ ತೀಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೂ ನೆನಪಿನ ಬಲದಿಂದ ಆ ಹಳ್ಳಿಯ ಬಗ್ಗೆ ಬರೆದರು, 1976ರಲ್ಲಿ ಪುಸ್ತಕ ಬಂತು. ಊರನ್ನ ಅಷ್ಟು ಮನಸ್ಸಿಟ್ಟು ನೋಡಿದ್ದರು ಅಲ್ವಾ!

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಇನ್ನೊಂದು. ಆ ಹಳ್ಳಿಯಲ್ಲಿ ಅವರು ಉಳಿದುಕೊಂಡದ್ದು ಊರಿನ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ಅಲ್ಲಿಂದ ಜಾಸ್ತಿ ಕಾಣೋದು ಮೇಲ್ಜಾತಿಯವರ ಊರೇ. ಇದನ್ನ ಅವರೇ ಒಪ್ಪಿಕೊಂಡು ಬರೆದಿದ್ದಾರೆ, ಅದು ದೊಡ್ಡ ಗುಣ.

ನೀನು ಹಬ್ಬವನ್ನ ನಮ್ಮನೆ ಜಗುಲಿಯಿಂದ ನೋಡಿದ್ರೆ ತೇರು, ಆರತಿ, ಊಟದ ಪಂಕ್ತಿ ಕಾಣುತ್ತೆ. ತಮಟೆ ಕಾಣಲ್ಲ, ಬರೀ ಕೇಳಿಸುತ್ತೆ. ಅದನ್ನ ಬಡಿಯೋರು ಯಾರು, ಅವರಿಗೆ ಏನು ಕೊಡ್ತಾರೆ, ಎಲ್ಲಿ ನಿಲ್ಲಿಸ್ತಾರೆ? 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಹುಡುಗರು ಇನ್ನು ತಮಟೆ ಬಡಿಯೋದಿಲ್ಲ, ಸತ್ತ ದನ ಹೊರೋದಿಲ್ಲ ಅಂತ ಎದ್ದು ನಿಂತರು. ಇವರಿಗೆ ಮೇಲಿನವರ ಹಾಗೆ ಆಗೋದು ಬೇಕಿರಲಿಲ್ಲ, ಈ ಮೇಲು ಕೀಳೇ ಹೋಗಬೇಕಿತ್ತು. ಇದಕ್ಕೆ ಸಂಸ್ಕೃತೀಕರಣ ಅನ್ನೋ ಹೆಸರು ಸಾಲಲ್ಲ. ನಿನ್ನ ಪಿಎಚ್‌ಡಿ ಇಲ್ಲೇ ಇದೆ ಅನ್ಸುತ್ತೆ ನನಗೆ. ಹಬ್ಬ, ಜಾತಿ, ಹೋರಾಟ ಮೂರೂ ತಮಟೆಯ ಆ ಒಂದು ಚರ್ಮದ ಮೇಲೆ ಕೂತಿವೆ.

ತೇರಿನ ದಿನಕ್ಕೆ ಬಂದು ಫೋಟೋ ತೆಗೆದು ಹೋಗಬೇಡ. ತಮಟೆ ಹೊಡೆದು ಹಬ್ಬ ಸಾರೋ ದಿನವೇ ಬಾ. ಕೇರಿಯ ಅಜ್ಜಿಯರನ್ನ ಮೊದಲು ಮಾತಾಡಿಸು, ಅವರು ಕೊಟ್ಟಿದ್ದನ್ನ ಅಲ್ಲೇ ಕೂತು ಉಣ್ಣು. ಊರಲ್ಲಿ ಯಾರಾದರೂ ಏನಾದರೂ ಅಂದರೆ ನನ್ನ ಹತ್ತಿರ ಕಳಿಸು, ನಾನು ಮಾತಾಡ್ತೀನಿ.

ನಿನ್ನ ಅಪ್ಪ