ಸೋತ ತಂಡವಲ್ಲ, ಸೋಲಿಗೆ ತಳ್ಳಲಾದ ತಂಡ

ಎಲ್ಲರಿಗೂ ನಮಸ್ಕಾರ.

ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ, ಅಂದರೆ ನಮ್ಮ ಮಕ್ಕಳ ಬಾಯಲ್ಲಿ ‘ಏಸ್’, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬಿಟ್ಟು ಹೋದ ಮಾತು ನಮ್ಮ ಕನ್ನಡ ಕೂಟದಲ್ಲಿ ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: “ಯಾವಾಗ ನೋಡಿದರೂ ಸೋಲುವ ತಂಡ, ನೋಡೋಕೆ ಜನ ಇಲ್ಲ, ಸ್ಟೇಡಿಯಂ ಹಳೇದು. ದುಡ್ಡು ಸಿಗೋ ಕಡೆ ಹೋದರು. ಅದರಲ್ಲಿ ತಪ್ಪೇನು? ನಾವೆಲ್ಲ ಊರು ಬಿಟ್ಟು ಬಂದವರೇ ಅಲ್ವಾ?”

ತಪ್ಪಿದೆ ಎಂದೇ ನನ್ನ ನಂಬಿಕೆ. ಯಾಕೆಂದು ಈ ಸಲ ಬರೆಯುತ್ತೇನೆ.

ಕರ್ನಾಟಕದ ರಣಜಿ ತಂಡವನ್ನು ಯಾರೂ ಎತ್ತಿಕೊಂಡು ಹೋಗಿ ಇನ್ನೊಂದು ರಾಜ್ಯದಲ್ಲಿ ಇಡಲಾರರು. ಅದು ರಾಜ್ಯದ ಕ್ರಿಕೆಟ್ ಸಂಸ್ಥೆಯದು. ಇಲ್ಲಿ ಹಾಗಲ್ಲ. ಅಂಗಿಯ ಮೇಲೆ ಊರಿನ ಹೆಸರಿದ್ದರೂ ತಂಡ ಮಾಲೀಕರ ಆಸ್ತಿ. ಇಲ್ಲಿನ ಬೇಸ್‌ಬಾಲ್‌ನ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಇರುವುದು 30 ತಂಡ. ಅದಕ್ಕಿಂತ ಜಾಸ್ತಿ ಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಅದೇ ಮಾಲೀಕರು. ಏಕಸ್ವಾಮ್ಯ ತಡೆಯುವ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸುವುದಿಲ್ಲ ಎಂದು 1922ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಹಾಗಾಗಿ ತಂಡ ಬೇಕೆನ್ನುವ ಊರುಗಳು ಯಾವತ್ತೂ ಜಾಸ್ತಿ, ತಂಡಗಳು ಯಾವತ್ತೂ ಕಮ್ಮಿ. “ಸ್ಟೇಡಿಯಂ ಕಟ್ಟಿಕೊಡಿ, ಇಲ್ಲದಿದ್ದರೆ ಹೊರಟೆವು” ಎನ್ನುವ ಮಾತಿಗೆ ಬಲ ಬರುವುದು ಇಲ್ಲಿಂದಲೇ.

ಏಸ್ ಮೊದಲಿಂದಲೂ ಓಕ್‌ಲ್ಯಾಂಡ್‌ನದಲ್ಲ, ನಿಜ. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ತಂಡ. 1955ಕ್ಕೆ ಕ್ಯಾನ್ಸಸ್ ಸಿಟಿಗೆ ಬಂತು, 1968ಕ್ಕೆ ಇಲ್ಲಿಗೆ. ಆದರೆ ಇಲ್ಲಿ 57 ಸೀಸನ್ ಆಡಿದೆ. ಫಿಲಡೆಲ್ಫಿಯಾದಲ್ಲಿ ಇದ್ದದ್ದಕ್ಕಿಂತಲೂ ಜಾಸ್ತಿ. 1972, 73, 74ರಲ್ಲಿ ಸತತ ಮೂರು ವರ್ಲ್ಡ್ ಸೀರೀಸ್ (ಲೀಗ್‌ನ ಚಾಂಪಿಯನ್ ಪಟ್ಟ), ಆಮೇಲೆ 1989ರಲ್ಲಿ ಇನ್ನೊಂದು. ಓಕ್‌ಲ್ಯಾಂಡ್‌ನ ಗಲ್ಲಿಗಳಲ್ಲೇ ಆಡಿ ಬೆಳೆದ ರಿಕಿ ಹೆಂಡರ್ಸನ್ 1982ರ ಒಂದೇ ಸೀಸನ್‌ನಲ್ಲಿ 130 ಬೇಸ್ ಕದ್ದರು, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ತಲುಪಿದರು. ಆ ದಾಖಲೆಯನ್ನು ಆಮೇಲೆ ಯಾರೂ ಮುರಿದಿಲ್ಲ. ಅವರು ಆಡಿದ ಮೈದಾನಕ್ಕೆ ಅವರ ಹೆಸರನ್ನೇ ಇಟ್ಟರು.

ಈಗ ‘ಸೋಲುವ ತಂಡ’ ಎನ್ನುವ ಮಾತಿಗೆ ಬರೋಣ. 2018ರಲ್ಲಿ ಈ ತಂಡ 97 ಪಂದ್ಯ ಗೆದ್ದಿತ್ತು. 2019ರಲ್ಲೂ 97. 2020ರಲ್ಲಿ ತನ್ನ ವಿಭಾಗದಲ್ಲಿ ಮೊದಲ ಸ್ಥಾನ. 2021ರ ಸೀಸನ್ ಮುಗಿದದ್ದೇ ತಡ, ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್‌ರಂಥ ಒಳ್ಳೊಳ್ಳೆ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಸೀಸನ್ ಟಿಕೆಟ್ ದರವನ್ನು ಮಾತ್ರ ಏರಿಸಿದರು. 2022ರಲ್ಲಿ 102 ಸೋಲು, 2023ರಲ್ಲಿ 112. ಸ್ಟ್ಯಾಂಡ್ ಖಾಲಿಯಾಯಿತು. ಆ ಖಾಲಿ ಕುರ್ಚಿಗಳನ್ನೇ ತೋರಿಸಿ, “ನೋಡಿ, ಈ ಊರಿಗೆ ತಂಡ ಬೇಡ” ಎಂದರು.

ಇದನ್ನು ನಾನು ಒಪ್ಪುವುದಿಲ್ಲ. ಆರ್‌ಸಿಬಿ 17 ಸೀಸನ್ ಕಪ್ ಇಲ್ಲದೆ ಕಳೆಯಿತು, ಚಿನ್ನಸ್ವಾಮಿ ಯಾವತ್ತಾದರೂ ಬಿಕೋ ಎಂದಿತ್ತಾ? ಸೋತರು ಎಂದು ಜನ ದೂರ ಹೋಗುವುದಿಲ್ಲ. ಮಾಲೀಕರಿಗೇ ಗೆಲ್ಲುವ ಮನಸ್ಸಿಲ್ಲ ಎಂದು ಗೊತ್ತಾದ ಮೇಲೆ ಹೋಗುತ್ತಾರೆ.

ಸ್ಟೇಡಿಯಂ ವಿಷಯ ಬೇರೆ. ಅಲ್ಲಿ ದೂರಿಗೆ ಕಾರಣ ಇತ್ತು. ಏಸ್ ಆಡುತ್ತಿದ್ದ ಕೊಲಿಸಿಯಂ ತೆರೆದದ್ದು 1966ರಲ್ಲಿ. ಒಳಚರಂಡಿ ಕಟ್ಟಿಕೊಂಡು ಆಟಗಾರರ ಕೋಣೆಗೆ ಕೊಳಕು ನೀರು ನುಗ್ಗಿದ್ದೂ ಉಂಟು. 1995ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ರೈಡರ್ಸ್ ಊರಿಗೆ ವಾಪಸ್ ಬಂದಾಗ ಅವರಿಗಾಗಿ ಔಟ್‌ಫೀಲ್ಡ್ ಹಿಂದೆ ಸಾಲ ಮಾಡಿ ದೈತ್ಯ ಗ್ಯಾಲರಿ ಕಟ್ಟಿದರು. ಅಲ್ಲಿಯವರೆಗೆ ಕೂತಲ್ಲಿಂದಲೇ ಕಾಣುತ್ತಿದ್ದ ಓಕ್‌ಲ್ಯಾಂಡ್ ಬೆಟ್ಟಗಳು ಮರೆಯಾದವು. ಆ ಸಾಲವನ್ನು ತೀರಿಸಬೇಕಾದವರು ಓಕ್‌ಲ್ಯಾಂಡ್ ಮತ್ತು ಅಲಮೀಡಾ ಕೌಂಟಿಯ ತೆರಿಗೆದಾರರು. ರೈಡರ್ಸ್ 2020ಕ್ಕೆ ಲಾಸ್ ವೇಗಸ್‌ಗೆ ಹೋದ ಮೇಲೂ ಕಂತು ನಿಲ್ಲಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಬ್ಯಾಸ್ಕೆಟ್‌ಬಾಲ್ ತಂಡ ವಾರಿಯರ್ಸ್ ಕೂಡ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿದ್ದರು. ಇಷ್ಟು ಅನುಭವಿಸಿದ ಊರು ಮತ್ತೊಬ್ಬ ಶ್ರೀಮಂತರಿಗೆ ಸುಮ್ನೆ ಚೆಕ್ ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅದು ಅವಿವೇಕವಲ್ಲ.

ಈ ಕಥೆಯಲ್ಲಿ ನಮ್ಮ ಊರು ಫ್ರೀಮಾಂಟ್ ಕೂಡ ಇದೆ. ಈಚೆಗೆ ಬಂದವರಲ್ಲಿ ಹಲವರಿಗೆ ಇದು ಗೊತ್ತಿಲ್ಲ. ವಾರದ ಸಾಮಾನಿಗೆ ನಾವು ಹೋಗುವ ಕಾಸ್ಟ್‌ಕೊ ಇರುವ ಪೆಸಿಫಿಕ್ ಕಾಮನ್ಸ್ ಇದೆಯಲ್ಲ, ಅದರ ಪಕ್ಕದಲ್ಲೇ ಏಸ್ ಸ್ಟೇಡಿಯಂ ಬರಬೇಕಿತ್ತು. 2006ರಲ್ಲಿ ಘೋಷಣೆಯೂ ಆಯಿತು. ಹೆಸರು ಸಿಸ್ಕೊ ಫೀಲ್ಡ್. ಟ್ರಾಫಿಕ್ ಏನಾಗುತ್ತದೆ ಎಂಬ ತಕರಾರು ಎದ್ದಿತು. ಜಾಗವನ್ನು ಫ್ರೀಮಾಂಟ್‌ನದೇ ವಾರ್ಮ್ ಸ್ಪ್ರಿಂಗ್ಸ್ ಕಡೆಗೆ ಬದಲಿಸಲು ನೋಡಿದರೆ ಅಲ್ಲಿನ ಜನವೂ ಬೇಡ ಎಂದರು. 2009ರ ಫೆಬ್ರುವರಿಯಲ್ಲಿ ಕೈಬಿಟ್ಟರು. ಬೇಡ ಎನ್ನಲು ಅಲ್ಲಿನ ಜನರಿಗೆ ಪೂರ್ತಿ ಹಕ್ಕಿತ್ತು. ಆದರೂ ಸಂಜೆ ಆಫೀಸಿನಿಂದ ಬಂದು ಮಕ್ಕಳನ್ನು ಕರೆದುಕೊಂಡು ಹತ್ತು ನಿಮಿಷದಲ್ಲಿ ಆಟಕ್ಕೆ ಹೋಗಬಹುದಿತ್ತಲ್ಲ ಎಂದು ಆ ರಸ್ತೆಯಲ್ಲಿ ಹೋಗುವಾಗ ಈಗಲೂ ನನಗೆ ಅನಿಸುತ್ತದೆ.

ಆಮೇಲೆ ಸ್ಯಾನ್ ಹೊಸೆ ನಗರದ ಸರದಿ. ಅದು ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್ ತಂಡದ ಸರಹದ್ದು ಎಂದು ಲೀಗ್ ಬಾಗಿಲು ಹಾಕಿತು. ನಗರಸಭೆ ಕೋರ್ಟಿಗೆ ಹೋಯಿತು. 1922ರ ಅದೇ ತೀರ್ಪು ಅಡ್ಡ ಬಂತು. ಕೊನೆಗೆ ಓಕ್‌ಲ್ಯಾಂಡ್ ಬಂದರಿನ ಹೊವರ್ಡ್ ಟರ್ಮಿನಲ್. ಸ್ಟೇಡಿಯಂ ಜೊತೆಗೆ ಮನೆ, ಆಫೀಸು, ಹೋಟೆಲ್ ಎಲ್ಲ ಸೇರಿ 1,200 ಕೋಟಿ ಡಾಲರ್‌ನ ಯೋಜನೆ. ವರ್ಷಗಟ್ಟಲೆ ಮಾತುಕತೆ ನಡೆಯಿತು. ಅದು ಇನ್ನೂ ಮುಗಿಯುವ ಮೊದಲೇ, 2023ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಎಂಬ ಸುದ್ದಿ ಬಂತು.

ಈ ಊರಿಗೆ ತಂಡ ಬೇಡ ಎನ್ನುವವರು 2023ರ ಜೂನ್ 13ರ ರಾತ್ರಿಯನ್ನು ನೆನಪಿಸಿಕೊಳ್ಳಬೇಕು. ಬಹಿಷ್ಕಾರ ಹಾಕುವ ಬದಲು ಒಂದು ದಿನ ಸ್ಟೇಡಿಯಂ ತುಂಬಿಸೋಣ ಎಂದು ಅಭಿಮಾನಿಗಳೇ ಕರೆ ಕೊಟ್ಟರು. ಮಂಗಳವಾರ, ಕೆಲಸದ ದಿನ. ತಂಡ ಆ ಹೊತ್ತಿಗೆ ಕೊನೆಯ ಸ್ಥಾನದಲ್ಲಿತ್ತು. ಬಂದವರು 27,759 ಮಂದಿ. ಎಲ್ಲೆಲ್ಲೂ ಹಸಿರು ಟೀ ಶರ್ಟ್, ಅದರ ಮೇಲೆ ‘ಸೆಲ್’, ಅಂದರೆ ‘ಮಾರಿಬಿಡಿ’, ಎಂಬ ಒಂದೇ ಮಾತು. ಐದನೇ ಇನ್ನಿಂಗ್ಸ್ ಶುರುವಾದಾಗ ಮೊದಲ ಬ್ಯಾಟರ್ ಆಡಿ ಮುಗಿಸುವವರೆಗೆ ಇಡೀ ಸ್ಟೇಡಿಯಂ ಸದ್ದಿಲ್ಲದೆ ಕೂತಿತು. ಆಮೇಲೆ ಒಂದೇ ಕಂಠದಲ್ಲಿ ಮಾಲೀಕ ಜಾನ್ ಫಿಶರ್‌ಗೆ ಕೇಳುವಂತೆ ಕೂಗಿದರು: ತಂಡ ಮಾರಿ! ಆ ದಿನ ಏಸ್ ಗೆದ್ದಿತು ಕೂಡ. ಎರಡೇ ದಿನಕ್ಕೆ ಲಾಸ್ ವೇಗಸ್ ಇರುವ ನೆವಾಡಾದ ರಾಜ್ಯಪಾಲರು ಅಲ್ಲಿನ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆಗೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಲೀಗ್‌ನ ಉಳಿದ ಮಾಲೀಕರೆಲ್ಲ ತಂಡ ಊರು ಬಿಡಲು ಒಮ್ಮತದಿಂದ ಒಪ್ಪಿಗೆ ಕೊಟ್ಟರು.

2024ರ ಸೆಪ್ಟೆಂಬರ್ 26ರಂದು ಕೊಲಿಸಿಯಂನಲ್ಲಿ ಕೊನೆಯ ಪಂದ್ಯ. ಬಾರ್ಟ್ ರೈಲು ನಿಲ್ದಾಣದಿಂದ ಸ್ಟೇಡಿಯಂಗೆ ಹೋಗುವ ಸೇತುವೆ ತುಂಬಾ ಜನ. 46 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಟೆಕ್ಸಸ್ ವಿರುದ್ಧ 3-2 ಗೆಲುವು. ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನರಿಗೆ ಕೃತಜ್ಞತೆ ಹೇಳಿದರು. ಮೈದಾನ ನೋಡಿಕೊಳ್ಳುವವರು ಅಭಿಮಾನಿಗಳಿಗೆ ಲೋಟಗಳಲ್ಲಿ ಮಣ್ಣು ತುಂಬಿಕೊಟ್ಟರು. ಆ ಮಣ್ಣು ಈ ಹೊತ್ತಿಗೂ ಎಷ್ಟೋ ಮನೆಗಳ ಶೋಕೇಸ್‌ನಲ್ಲಿದೆ.

ಲಾಸ್ ವೇಗಸ್‌ನ ಸ್ಟೇಡಿಯಂ 2028ಕ್ಕೆ ಸಿದ್ಧವಾಗಬೇಕು. ಅಲ್ಲಿಯವರೆಗೆ ಸ್ಯಾಕ್ರಮೆಂಟೊ ಪಕ್ಕದ ಒಂದು ಚಿಕ್ಕ ಮೈದಾನ. ಸುಮಾರು 14,000 ಜನ ಹಿಡಿಸುತ್ತದೆ, ಬೇಸಿಗೆಯಲ್ಲಿ ಕೆಂಡದಂಥ ಬಿಸಿಲು. ತಂಡದ ಹೆಸರಿನಲ್ಲಿ ಈಗ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ಸ್ಯಾಕ್ರಮೆಂಟೊದ ನಮ್ಮ ಕನ್ನಡ ಬಂಧುಗಳು ಆಟ ನೋಡಲು ಹೋದರೆ ನನಗೇನೂ ಬೇಸರವಿಲ್ಲ. ಖಂಡಿತ ಹೋಗಿ. ನಿಕ್ ಕರ್ಟ್ಜ್ ಎಂಬ ಹುಡುಗ 2025ರಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದಿದ್ದಾನೆ. ಅವನ ಬ್ಯಾಟಿಂಗ್ ನೋಡಬೇಕಾದದ್ದೇ.

ಹಾಗಾದರೆ ಕಷ್ಟದಲ್ಲಿರುವ ತಂಡ ಎಂದೂ ಊರು ಬಿಡಬಾರದಾ? ಬಿಡಬಹುದು. ಆದರೆ ಅದಕ್ಕೂ ಮೊದಲು ಆ ಊರಿನವರಿಗೆ ತಂಡ ಕೊಳ್ಳುವ ಅವಕಾಶ ಸಿಗಬೇಕು. ಹೆಸರು, ಬಣ್ಣ, ದಾಖಲೆ ಊರಿಗೇ ಉಳಿಯಬೇಕು. ಅಮೆರಿಕನ್ ಫುಟ್‌ಬಾಲ್‌ನಲ್ಲಿ 1996ರಲ್ಲಿ ಕ್ಲೀವ್‌ಲ್ಯಾಂಡ್ ಜನ ಹಠ ಹಿಡಿದು ಊರು ಬಿಟ್ಟ ತಂಡದ ಬ್ರೌನ್ಸ್ ಹೆಸರು ಉಳಿಸಿಕೊಂಡರು, ಮೂರು ವರ್ಷಕ್ಕೆ ಹೊಸ ತಂಡವೂ ಬಂತು. ಬಿಟ್ಟುಹೋಗುವ ಮಾಲೀಕರು ಊರಿಗೆ ಪರಿಹಾರ ಕೊಡಬೇಕು ಎಂಬ ಮಸೂದೆಯನ್ನು ಆಗ ಸಂಸದೆಯಾಗಿದ್ದ ಬಾರ್ಬರಾ ಲೀ 2023ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಅವರೇ ಈಗ ಓಕ್‌ಲ್ಯಾಂಡ್‌ನ ಮೇಯರ್. ಮತದ ಹಕ್ಕಿರುವ ನಮ್ಮ ಸದಸ್ಯರು ತಮ್ಮ ಕಾಂಗ್ರೆಸ್ ಪ್ರತಿನಿಧಿಗೆ ಈ ಬಗ್ಗೆ ಒಂದು ಪತ್ರ ಬರೆಯಬೇಕೆಂದು ನನ್ನ ಕೋರಿಕೆ.

ಕೊಲಿಸಿಯಂ ಅಂತೂ ಸುಮ್ಮನಾಗಿಲ್ಲ. 2025ರ ಜೂನ್‌ನಲ್ಲಿ ಅಲ್ಲೇ ಮೇಜರ್ ಲೀಗ್ ಕ್ರಿಕೆಟ್ ನಡೆಯಿತು. ಮೊದಲ ಪಂದ್ಯದಲ್ಲೇ ಫಿನ್ ಆ್ಯಲನ್ 51 ಎಸೆತಕ್ಕೆ 151 ರನ್ ಚಚ್ಚಿದರು, 19 ಸಿಕ್ಸರ್! ಇತ್ತ ವೆಸ್ಟ್ ಓಕ್‌ಲ್ಯಾಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಓಕ್‌ಲ್ಯಾಂಡ್ ಬಾಲರ್ಸ್ ಎಂಬ ಪುಟ್ಟ ಬೇಸ್‌ಬಾಲ್ ತಂಡ 2024ರಿಂದ ಆಡುತ್ತಿದೆ. ಅದರಲ್ಲಿ ಅಭಿಮಾನಿಗಳೂ ಷೇರು ಕೊಂಡಿದ್ದಾರೆ. ಎರಡನೇ ವರ್ಷಕ್ಕೇ ತಾನು ಆಡುವ ಪಯೋನಿಯರ್ ಲೀಗ್ ಗೆದ್ದಿತು. ಮುಂದಿನ ಬೇಸಿಗೆಯಲ್ಲಿ ಕೂಟದಿಂದ ಒಂದು ಶನಿವಾರ ಅಲ್ಲಿಗೆ ಹೋಗೋಣ ಎಂದುಕೊಂಡಿದ್ದೇವೆ. ಬರುವವರು ಎಷ್ಟು ಟಿಕೆಟ್ ಬೇಕೆಂದು, ಮಕ್ಕಳ ಸಂಖ್ಯೆ ಸೇರಿಸಿ, ಸಮಿತಿಗೆ ತಿಳಿಸಿ.