ಕೇಕಿನಂಥ ಓಟ್ಸ್ ಕುಕೀಸ್‌ಗೆ 'ಒಂದು ಕಪ್' ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಅಡುಗೆ ಪುಟಗಳಲ್ಲಿ ಓಟ್ಸ್ ಕುಕೀಸ್ ಆಗಾಗ ಬರುತ್ತಿರುತ್ತದೆ. ಶೀರ್ಷಿಕೆಯಲ್ಲಿ 'ಮೆತ್ತನೆಯ' ಎಂದಿರುತ್ತದೆ, ಚಿತ್ರದಲ್ಲಿ ಉಬ್ಬಿದ ಕುಕಿ ಇರುತ್ತದೆ, ಕೆಳಗೆ ಕೊಟ್ಟ ಅಳತೆ ಮಾತ್ರ ಗರಿಗರಿ ಬಿಸ್ಕತ್ತಿನದು. ಅದನ್ನು ನಂಬಿ ಮಾಡಿದವರಿಗೆ ಟ್ರೇ ತುಂಬ ಹರಡಿಕೊಂಡ ತೆಳು ತಟ್ಟೆಗಳು ಸಿಗುತ್ತವೆ, ಇಲ್ಲವೇ ಒಣಗಿದ ಉಂಡೆಗಳು. ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಎಷ್ಟೋ ಜನ ಓವನ್ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ. ಕೈಗುಣದ ಮಾತು ಹಾಗಿರಲಿ, ಕೊಟ್ಟ ಲೆಕ್ಕವೇ ಬೇರೆ ತಿನಿಸಿನದಾಗಿದ್ದರೆ ಯಾರು ಮಾಡಿದರೂ ಅಷ್ಟೇ. ಈ ಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳುವ ಓದುಗರು ಈಗಲೂ ಇದ್ದಾರೆ. ಅವರಿಗೋಸ್ಕರ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೆತ್ತನೆಯ ಕುಕೀಸ್‌ನಲ್ಲೇ ಎರಡು ಬಗೆ. ಮುರಿಯಹೋದರೆ ಬಾಗುವ, ಚೆನ್ನಾಗಿ ಅಗಿಯಬೇಕಾದ ಬಗೆ ಒಂದು. ಮುರಿದರೆ ಒಳಗೆ ಕೇಕಿನಂತೆ ಸಣ್ಣ ಸಣ್ಣ ರಂಧ್ರ ಕಾಣುವ, ಬಾಯಲ್ಲಿಟ್ಟರೆ ಹಗುರಾಗಿ ಬಿಡಿಬಿಡಿಯಾಗುವ ಬಗೆ ಇನ್ನೊಂದು. ಮೊದಲನೆಯದರಲ್ಲಿ ಬೆಣ್ಣೆ ಸಾಮಾನ್ಯವಾಗಿ ಮೈದಾದ ತೂಕಕ್ಕೆ ಸಮನಾಗಿ ಅಥವಾ ಅದಕ್ಕಿಂತ ಹೆಚ್ಚಿರುತ್ತದೆ, ಓಟ್ಸ್ ಮೈದಾವನ್ನು ಮೀರಿರುತ್ತದೆ. ಎರಡನೆಯದರಲ್ಲಿ ಬೆಣ್ಣೆ ಮೈದಾದ ನೂರಕ್ಕೆ 60ರಷ್ಟು ಸಾಕು, ಓಟ್ಸ್ ಮೈದಾಕ್ಕಿಂತ ಕಡಿಮೆ ಇರಬೇಕು, ಮೊಟ್ಟೆ ಮತ್ತು ಮೊಸರಿನ ತೇವ ಹೆಚ್ಚಿರಬೇಕು. ಕೊಬ್ಬು ಮತ್ತು ಸಕ್ಕರೆ ಕಾವಿಗೆ ಕರಗಿ ಹರಡುತ್ತವೆ. ಮೊಟ್ಟೆ, ಮೈದಾ ಗಟ್ಟಿಯಾಗಿ ನಿಂತು ಏರಿದ್ದನ್ನು ಹಿಡಿದುಕೊಳ್ಳುತ್ತವೆ. ಯಾವುದರ ಕೈ ಮೇಲಾಗುತ್ತದೋ ಕುಕಿ ಅದರಂತೆ. ಓವನ್ನಿನಲ್ಲಿ ಎರಡು ನಿಮಿಷ ಮೊದಲೇ ತೆಗೆದುಬಿಟ್ಟರೆ ಕೇಕಿನಂತಾಗುತ್ತದೆ ಎಂಬ ಸಲಹೆ ಸುಳ್ಳು. ಹಾಗೆ ತೆಗೆದದ್ದು ಬೇಯದ ಕುಕಿ, ಅಷ್ಟೇ.

ಸುಮಾರು 40 ಗ್ರಾಂ ತೂಗುವ 20ರಿಂದ 22 ಕುಕಿಗಳಿಗೆ ಈ ಅಳತೆ ನಂಬಬಹುದು. ಮೈದಾ 190 ಗ್ರಾಂ, ಓಟ್ಸ್ 120 ಗ್ರಾಂ, ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 120 ಗ್ರಾಂ, ಬಿಳಿ ಸಕ್ಕರೆ 40 ಗ್ರಾಂ, ಎರಡು ಮೊಟ್ಟೆ (ಸಿಪ್ಪೆ ಬಿಟ್ಟು ತಲಾ 50 ಗ್ರಾಂ), ಹುಳಿಯಾಗದ ಗಟ್ಟಿ ಮೊಸರು 80 ಗ್ರಾಂ, ಒಣದ್ರಾಕ್ಷಿ 100 ಗ್ರಾಂ. ಇವುಗಳ ಜೊತೆ 5 ಮಿಲಿಲೀಟರಿನ ಅಳತೆ ಚಮಚದಲ್ಲಿ ಮಟ್ಟಸವಾಗಿ ಒಂದೂವರೆ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ಒಂದು ಚಮಚ ಚಕ್ಕೆ ಪುಡಿ, ಒಂದು ಚಮಚ ವೆನಿಲ್ಲಾ ಎಸೆನ್ಸ್.

ಗ್ರಾಂ ಲೆಕ್ಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮೈದಾವನ್ನು ಹಗುರಾಗಿ ಕೆದಕಿ, ಚಮಚದಲ್ಲಿ ಕಪ್ಪಿಗೆ ಸುರಿದು, ಮೇಲೆ ಚಾಕುವಿನ ಬೆನ್ನಿನಿಂದ ಸವರಿದರೆ ಒಂದು ಕಪ್ 120–125 ಗ್ರಾಂ ತೂಗುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಿದರೆ 150 ಗ್ರಾಂ ದಾಟುವುದೂ ಉಂಟು. 'ಒಂದೂವರೆ ಕಪ್ ಮೈದಾ' ಎಂದು ಅಚ್ಚಾದ ಸಾಲನ್ನು ಒಬ್ಬರು 185 ಗ್ರಾಂ ಎಂದು ಓದುತ್ತಾರೆ, ಇನ್ನೊಬ್ಬರು 225 ಎಂದು. ಆ 40 ಗ್ರಾಂ ಹೆಚ್ಚಾದರೆ ಕೇಕಿನಂತಾಗಬೇಕಿದ್ದದ್ದು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಒಣಗುತ್ತದೆ. ತಕ್ಕಡಿ ಇಲ್ಲದವರು ಸುರಿದು ಸವರುವ ಕ್ರಮವನ್ನಾದರೂ ತಪ್ಪದೆ ಪಾಲಿಸಲಿ.

ಇನ್ನು ಓಟ್ಸ್. 'ಓಟ್ಸ್' ಎಂದಷ್ಟೇ ಬರೆದು ಕೈಬಿಡುವುದು ಅಡುಗೆ ಪುಟಗಳ ಎರಡನೇ ದೊಡ್ಡ ತಪ್ಪು. ಅಂಗಡಿಯಲ್ಲಿ ಕನಿಷ್ಠ ಮೂರು ಬಗೆ ಸಿಗುತ್ತದೆ. ಕಾಳನ್ನು ಹಬೆಯಲ್ಲಿ ಹದಮಾಡಿ ಚಪ್ಪಟೆ ಮಾಡಿದ್ದು ರೋಲ್ಡ್ ಓಟ್ಸ್. ಅದನ್ನೇ ಇನ್ನಷ್ಟು ತೆಳುವಾಗಿ, ಚೂರಾಗಿ ಮಾಡಿದ್ದು ಕ್ವಿಕ್ ಓಟ್ಸ್. ಕಾಳನ್ನು ಬರೀ ತುಂಡರಿಸಿದ್ದು ಸ್ಟೀಲ್‌ಕಟ್. ಸ್ಟೀಲ್‌ಕಟ್ ಈ ಕೆಲಸಕ್ಕೆ ಬಾರದು. ಹನ್ನೆರಡು ನಿಮಿಷದ ಕಾವಿಗೆ ಅದು ಮೆತ್ತಗಾಗುವುದೇ ಇಲ್ಲ, ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಕೇಕಿನ ಗುಣಕ್ಕೆ ಕ್ವಿಕ್ ಓಟ್ಸ್ ಹೇಳಿ ಮಾಡಿಸಿದ್ದು, ಬೇಗ ನೀರು ಹೀರಿ ಹಿಟ್ಟಿನಲ್ಲಿ ಬೆರೆತುಹೋಗುತ್ತದೆ. ಮನೆಯಲ್ಲಿ ರೋಲ್ಡ್ ಓಟ್ಸ್ ಮಾತ್ರ ಇದ್ದರೆ 120 ಗ್ರಾಂನಲ್ಲಿ 40 ಗ್ರಾಂ ತೆಗೆದು ಮಿಕ್ಸಿಯಲ್ಲಿ ನಾಲ್ಕೈದು ಸಲ ತಿರುಗಿಸಿ ತರಿ ಮಾಡಿಕೊಳ್ಳಿ, ಉಳಿದದ್ದು ಇಡಿಯಾಗಿಯೇ ಇರಲಿ. ಪೂರ್ತಿ ನುಣ್ಣಗೆ ಪುಡಿ ಮಾಡಿದರೆ ಒಳಗೆಲ್ಲ ಅಂಟಂಟಾಗುತ್ತದೆ. ಮಸಾಲೆಯೋ ಸಕ್ಕರೆಯೋ ಬೆರೆಸಿದ ಪೊಟ್ಟಣದ ಓಟ್ಸ್ ಬೇಡವೇ ಬೇಡ.

ಒಣದ್ರಾಕ್ಷಿಯನ್ನು ಮೊದಲೇ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ಬಟ್ಟೆಯಲ್ಲಿ ಒರೆಸಿಡಿ. ನೆನೆಸದೆ ಹಾಕಿದ ದ್ರಾಕ್ಷಿ ತನ್ನ ಸುತ್ತಲಿನ ತೇವವನ್ನೇ ಎಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಬೆಣ್ಣೆಯ ಹದಕ್ಕೆ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲಬೇಕು, ಬೆರಳಿಗೆ ಜಿಡ್ಡು ಹೊಳೆಯಬಾರದು. ಅದು 18ರಿಂದ 20 ಡಿಗ್ರಿ ಸೆಲ್ಸಿಯಸ್‌ನ ಹದ. ಈ ಬೆಣ್ಣೆಗೆ ಎರಡೂ ಸಕ್ಕರೆ ಹಾಕಿ ಬೀಟರಿನಲ್ಲಿ ಮಧ್ಯಮ ವೇಗದಲ್ಲಿ ಮೂರು ನಿಮಿಷ, ಮರದ ಸೌಟಿನಲ್ಲಾದರೆ ಏಳೆಂಟು ನಿಮಿಷ ಕಡೆಯಬೇಕು. ಮೊದಲ ನಿಮಿಷ ಒದ್ದೆ ಮರಳಿನಂತೆ ಕಾಣುತ್ತದೆ. ಎರಡನೇ ನಿಮಿಷಕ್ಕೆ ಪಾತ್ರೆಯ ಅಂಚಿಗೆ ಹತ್ತಿಕೊಂಡು ಬಣ್ಣ ತಿಳಿಯಾಗುತ್ತದೆ. ಮೂರನೆಯದಕ್ಕೆ ಉಬ್ಬಿ, ಬೀಟರ್ ಎತ್ತಿದಾಗ ಮೊನೆ ನಿಲ್ಲುತ್ತದೆ. ಸಕ್ಕರೆಯ ಹರಳುಗಳು ಬೆಣ್ಣೆಯನ್ನು ಕೊರೆದು ಗಾಳಿಯನ್ನು ಒಳಗೆ ಸೇರಿಸುವುದು ಈಗಲೇ. ಬೇಕಿಂಗ್ ಪೌಡರ್ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ, ಇಲ್ಲಿ ಸೇರಿದ ಗುಳ್ಳೆಗಳನ್ನೇ ಊದಿಸುತ್ತದೆ. ಬೆಣ್ಣೆ ಕರಗಿಸಿ ಹಾಕಿದರೆ ಈ ಗುಳ್ಳೆಗಳೇ ಇರುವುದಿಲ್ಲವಾದ್ದರಿಂದ ಸಿಗುವುದು ಅಗಿಯುವ ಕುಕಿಯೇ. ಸಮಯ ಉಳಿಸಲು 'ಕರಗಿಸಿದ ಬೆಣ್ಣೆಯಾದರೂ ಆದೀತು' ಎಂದು ಬರೆಯುವವರು ದಯವಿಟ್ಟು ಇದನ್ನು ಗಮನಿಸಬೇಕು.

ಮೊಟ್ಟೆ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆಯಾದರೂ ಆಗಿರಲಿ. ತಣ್ಣನೆಯ ಮೊಟ್ಟೆ ಬಿದ್ದರೆ ಬೆಣ್ಣೆ ಗಟ್ಟಿಯಾಗಿ, ಮಿಶ್ರಣ ಒಡೆದ ಹಾಲಿನಂತೆ ಕಾಣುತ್ತದೆ. ಒಂದೊಂದಾಗಿ ಹಾಕಿ, ಪ್ರತಿ ಸಲವೂ ಪೂರ್ತಿ ಬೆರೆಯುವ ತನಕ ಕಡೆಯಿರಿ. ಹಾಗೂ ಒಡೆದರೆ ಅಳೆದಿಟ್ಟ ಮೈದಾದಿಂದಲೇ ಒಂದು ದೊಡ್ಡ ಚಮಚ ಹಾಕಿದರೆ ಕೂಡಿಕೊಳ್ಳುತ್ತದೆ. ಆಮೇಲೆ ಮೊಸರು, ವೆನಿಲ್ಲಾ.

ಸೋಡಾ ಮತ್ತು ಬೇಕಿಂಗ್ ಪೌಡರ್ ಒಂದೇ ಎಂಬಂತೆ ಬರೆಯುವ ರೂಢಿಯೂ ಹೋಗಬೇಕು. ಸೋಡಾ ಕೆಲಸ ಮಾಡಲು ಹುಳಿ ಬೇಕು. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆ ಒಣ ಆಮ್ಲವೂ, ಎರಡನ್ನೂ ತೇವದಿಂದ ಕಾಯಲು ಪಿಷ್ಟವೂ ಸೇರಿರುತ್ತದೆ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಔಷಧ ತಯಾರಕ ಆಲ್‌ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ಹೆಂಡತಿಗೋಸ್ಕರ ಇಂಥದೊಂದು ಪುಡಿ ಮಾಡಿದ. ನಮ್ಮ ಕುಕಿಯಲ್ಲಿ ಏರುವ ಕೆಲಸ ಪೌಡರಿನದು. ಕಾಲು ಚಮಚ ಸೋಡಾ ಇರುವುದು ಮೊಸರು, ಬ್ರೌನ್ ಶುಗರಿನ ಹುಳಿ ತಗ್ಗಿಸಿ ಬಣ್ಣ ತರುವುದಕ್ಕೆ. ಹೆಚ್ಚು ಉಬ್ಬಲಿ ಎಂದು ಒಂದು ಚಮಚ ಸೋಡಾ ಹಾಕಿದರೆ ಕುಕಿ ಹರಡುತ್ತದೆ, ಬೇಗ ಕಪ್ಪಗಾಗುತ್ತದೆ, ಸಾಬೂನಿನ ರುಚಿ ನಾಲಿಗೆಗೆ ಅಂಟುತ್ತದೆ. ಹಳೆಯ ಪೌಡರ್ ಇನ್ನೂ ಜೀವಂತವಿದೆಯೇ ಎಂದು ನೋಡಲು ಅರ್ಧ ಚಮಚಕ್ಕೆ ಬಿಸಿನೀರು ಹಾಕಿ. ಭರ್ರೆಂದು ನೊರೆ ಬರದಿದ್ದರೆ ಎಸೆಯಿರಿ.

ಮೈದಾ, ಪೌಡರ್, ಸೋಡಾ, ಉಪ್ಪು, ಚಕ್ಕೆ ಪುಡಿ ಒಟ್ಟಿಗೆ ಜರಡಿ ಹಿಡಿದು, ಓಟ್ಸ್ ಜೊತೆ ಬೆಣ್ಣೆಯ ಮಿಶ್ರಣಕ್ಕೆ ಹಾಕಿ. ಇಲ್ಲಿಂದ ಬೀಟರ್ ಮುಟ್ಟಬಾರದು. ಸ್ಪಾಚುಲಾದಿಂದ ಕೆಳಗಿನದನ್ನು ಮೇಲಕ್ಕೆ ಮಗುಚುತ್ತ, ಬಿಳಿ ಹಿಟ್ಟು ಮರೆಯಾಗುವಷ್ಟರಲ್ಲಿ ನಿಲ್ಲಿಸಿ ದ್ರಾಕ್ಷಿ ಸೇರಿಸಬೇಕು. ತೇವ ಸಿಕ್ಕ ಮೈದಾವನ್ನು ಕಲಸಿದಷ್ಟೂ ಅದರ ಗ್ಲುಟೆನ್ ಎಂಬ ಅಂಟು ಬಲಿತು ಕುಕಿ ಬಿರುಸಾಗುತ್ತದೆ. ಆಮೇಲೆ ಪಾತ್ರೆ ಮುಚ್ಚಿ 20 ನಿಮಿಷ ಫ್ರಿಜ್ಜಿನಲ್ಲಿಡಿ. ಇಡುವಾಗ ಹಿಟ್ಟು ಚಮಚದಿಂದ ಜಾರುತ್ತಿರುತ್ತದೆ. ತೆಗೆಯುವಾಗ ಓಟ್ಸ್ ನೀರು ಕುಡಿದು, ಚಮಚ ಬಗ್ಗಿಸಿದರೆ ಒಂದು ಕ್ಷಣ ತಡೆದು ದಪ್ಪಕ್ಕೆ ಬೀಳುತ್ತದೆ. ಇಷ್ಟು ಹೊತ್ತು ಕಾದರೆ ಪೌಡರಿನ ಶಕ್ತಿ ಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಡಬಲ್ ಆ್ಯಕ್ಟಿಂಗ್ ಎಂದು ಬರೆದಿರುವ ಪೌಡರ್ ನೀರು ಬಿದ್ದಾಗ ಒಂದಷ್ಟು, ಕಾವು ತಗುಲಿದಾಗ ಉಳಿದಷ್ಟು ಅನಿಲ ಬಿಡುತ್ತದೆ, ಚಿಂತೆಯಿಲ್ಲ. ಡಬ್ಬಿಯ ಮೇಲೆ ಹಾಗೆ ಬರೆದಿಲ್ಲವಾದರೆ ಓಟ್ಸನ್ನು ಮಾತ್ರ ಬೆಣ್ಣೆ-ಮೊಟ್ಟೆ-ಮೊಸರಿನಲ್ಲಿ ಬೆರೆಸಿ ಅಷ್ಟು ಹೊತ್ತು ಬಿಟ್ಟು, ಮೈದಾ ಮತ್ತು ಪೌಡರನ್ನು ಓವನ್ನಿಗೆ ಇಡುವ ಮುಂಚೆ ಸೇರಿಸುವುದು ಕ್ಷೇಮ.

ಓವನ್ 190 ಡಿಗ್ರಿಗೆ ಪೂರ್ತಿ ಕಾದಿರಬೇಕು, ಫ್ಯಾನ್ ಇರುವುದಾದರೆ 170–175. ಅರೆಕಾದ ಓವನ್ನಿನಲ್ಲಿ ಬೆಣ್ಣೆ ಮೊದಲು ಕರಗಿ, ಮೊಟ್ಟೆ ಗಟ್ಟಿಯಾಗುವ ಮುಂಚೆಯೇ ಎಲ್ಲ ಹರಿದುಬಿಡುತ್ತದೆ. ತಿಳಿ ಬಣ್ಣದ ಟ್ರೇಗೆ ಬೇಕಿಂಗ್ ಪೇಪರ್ ಹಾಸಿ, ಎರಡು ಇಂಚು ಬಿಟ್ಟು 40 ಗ್ರಾಂ ಉಂಡೆಗಳನ್ನಿಟ್ಟು, ಒದ್ದೆ ಬೆರಳಿನಿಂದ ಒಂದಿಷ್ಟು ತಟ್ಟಿ. ಈ ಹಿಟ್ಟು ತಾನಾಗಿ ಹೆಚ್ಚು ಹರಡದು, ಗುಡ್ಡೆಯಾಗಿಟ್ಟರೆ ಗುಡ್ಡೆಯಾಗಿಯೇ ಬೇಯುತ್ತದೆ. ಟ್ರೇ ನಡುವಿನ ಅಂತಸ್ತಿನಲ್ಲಿರಲಿ. ಟ್ರೇ ಕಪ್ಪಗಿದ್ದರೆ ತಳ ಬೇಗ ಕೆಂಪಾಗುವುದರಿಂದ ಹತ್ತು ಡಿಗ್ರಿ ಇಳಿಸಿ. ಎರಡನೇ ಸರದಿಯನ್ನು ಬಿಸಿ ಟ್ರೇ ಮೇಲೆ ಇಡಲೇಬಾರದು.

11ರಿಂದ 13 ನಿಮಿಷ ಹಿಡಿಯುತ್ತದೆ. ಒಂಬತ್ತನೇ ನಿಮಿಷಕ್ಕೆ ಮೇಲ್ಮೈ ಇನ್ನೂ ಒದ್ದೆಯಾಗಿ ಮಿರುಗುತ್ತಿರುತ್ತದೆ. ಆ ಹೊಳಪು ಅಂಚಿನಿಂದ ನಡುವಿನ ಕಡೆಗೆ ಮಾಯವಾಗುತ್ತ ಬರುವುದನ್ನು ಗಾಜಿನಿಂದಲೇ ನೋಡಬಹುದು. ನಡುವೆ ನಾಣ್ಯದಷ್ಟು ಜಾಗದಲ್ಲಿ ಹೊಳಪು ಉಳಿದಿರುವಾಗ ಬಾಗಿಲು ತೆರೆದು ಬೆರಳಿನಿಂದ ಮೆಲ್ಲಗೆ ಒತ್ತಿ. ಗುಳಿ ಹಾಗೇ ಉಳಿದರೆ ಇನ್ನೊಂದು ನಿಮಿಷ ಬೇಕು, ನಿಧಾನವಾಗಿ ಮೇಲೆದ್ದರೆ ಆಯಿತು. ಮೇಲೆಲ್ಲ ಕಂದಾಗಲಿ ಎಂದು ಕಾಯುವವರ ಕುಕಿ ಒಣಗಿಹೋಗುತ್ತದೆ. ಇದರಲ್ಲಿ ಸಕ್ಕರೆ ಕಡಿಮೆ, ಬಣ್ಣವೂ ಕಡಿಮೆಯೇ. ಅಂಚು ಮತ್ತು ತಳ ತಿಳಿ ಕಂದಾದರೆ ಸಾಕು. ಟ್ರೇ ಮೇಲೆಯೇ ನಾಲ್ಕು ನಿಮಿಷ ಬಿಟ್ಟು ಜಾಲರಿಗೆ ಬದಲಿಸಿ. ಟ್ರೇಯಲ್ಲೇ ಆರಲು ಬಿಟ್ಟರೆ ತಳದಲ್ಲಿ ಹಬೆ ನೀರಾಗಿ ತೊಯ್ಯುತ್ತದೆ.

ಅಳತೆ ಸರಿಯಿದ್ದೂ ಕೆಟ್ಟರೆ ಕಾರಣ ಹುಡುಕುವುದು ಕಷ್ಟವಲ್ಲ. ಚಪ್ಪಟೆಯಾಗಿದ್ದರೆ ಬೆಣ್ಣೆ ತೀರಾ ಮೆತ್ತಗಾಗಿತ್ತು, ಇಲ್ಲವೇ ಓವನ್ ಕಾದಿರಲಿಲ್ಲ. ಮೇಲೆ ಚೆನ್ನಾಗಿ ಉಬ್ಬಿಯೂ ಒಳಗೆ ಉದ್ದುದ್ದ ಸುರಂಗ, ಅಗಿಯಲು ಬಿರುಸು ಎಂದಾದರೆ ಹಿಟ್ಟು ಹೆಚ್ಚು ಕಲಸಿದ್ದೀರಿ. ಹೊರಗೆ ತೆಗೆದ ಮೇಲೆ ನಡು ಕುಸಿದರೆ ಬೆಂದಿಲ್ಲ, ಅಥವಾ ಪೌಡರ್ ಹೆಚ್ಚಾಗಿದೆ.

ಮೊಟ್ಟೆ ತಿನ್ನದವರು ಪ್ರತಿ ಮೊಟ್ಟೆಯ ಬದಲು 50 ಗ್ರಾಂ ಗಟ್ಟಿ ಮೊಸರು ಹಾಕಿ, ಬೇಕಿಂಗ್ ಪೌಡರನ್ನು ಕಾಲು ಚಮಚ ಹೆಚ್ಚಿಸಿಕೊಳ್ಳಬಹುದು. ಏರಿಕೆ ತುಸು ಕಡಿಮೆಯಾಗುತ್ತದೆ, ಮೃದುತ್ವ ಉಳಿಯುತ್ತದೆ. ನೆನೆಸಿದ ಅಗಸೆ ಪುಡಿಯೂ ಹಿಡಿತ ಕೊಡುತ್ತದೆ, ಆದರೆ ಕುಕಿ ಅಗಿಯುವ ಬಗೆಯ ಕಡೆಗೆ ವಾಲುತ್ತದೆ. ಕೇಕಿನ ಗುಣವೇ ಬೇಕೆನ್ನುವವರಿಗೆ ಮೊಸರೇ ಲೇಸು.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು, ಪದರದ ನಡುವೆ ಕಾಗದವಿರಲಿ. ಒಳಗಿನ ತೇವ ಮೇಲ್ಮೈಗೆ ಬಂದು ಮರುದಿನ ಒಂದಕ್ಕೊಂದು ಅಂಟುವುದು ಈ ಬಗೆಯ ಸ್ವಭಾವ. ಹೊರಗೆ ಮೂರು ದಿನ ಚೆನ್ನಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬೇಗ ಗಟ್ಟಿಯಾಗಿ ಹಳಸಲು ಬ್ರೆಡ್ಡಿನಂತಾಗುವುದರಿಂದ ಅಲ್ಲಿ ಇಡಬೇಡಿ. ಹೆಚ್ಚು ದಿನಕ್ಕೆ ಬೇಕಿದ್ದರೆ ಬೇಯಿಸದ ಉಂಡೆಗಳನ್ನೇ ಫ್ರೀಜರಿನಲ್ಲಿಟ್ಟು, ಕರಗಿಸದೆ ನೇರವಾಗಿ ಓವನ್ನಿಗೆ ಹಾಕಿ ಎರಡು ನಿಮಿಷ ಹೆಚ್ಚು ಬೇಯಿಸಬಹುದು. ಅವನ್ನು ಫ್ರೀಜರಿಗೆ ಇಡುವ ಮುಂಚೆಯೇ ತಟ್ಟಿಡಿ, ಗಟ್ಟಿಯಾದ ಮೇಲೆ ತಟ್ಟಲು ಬರುವುದಿಲ್ಲ.

ಮುಂದಿನ ಸಲ ಇಂಥ ತಿನಿಸಿನ ವಿಧಾನ ಪ್ರಕಟಿಸುವಾಗ ಮೈದಾ, ಓಟ್ಸ್, ಬೆಣ್ಣೆಯ ತೂಕ ಗ್ರಾಂನಲ್ಲಿ, ಓಟ್ಸ್ ಯಾವ ಬಗೆಯದು, ಒಂದು ಕುಕಿಯ ತೂಕ ಎಷ್ಟು, ಬೆಂದ ಗುರುತು ಏನು ಎಂಬ ನಾಲ್ಕು ವಿವರಗಳನ್ನಾದರೂ ಬರೆದವರಿಂದ ಕೇಳಿ ಪಡೆಯಿರಿ. ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದರೆ ಅಷ್ಟಕ್ಕೆ ಜಾಗ ಸಿಗುತ್ತದೆ.

ಇಂತಿ,
ತಮ್ಮ ಓದುಗರಲ್ಲೊಬ್ಬರು