ಸಾಂಕ್ರಾಮಿಕ ರೋಗ ಎದುರಿಸುವ ಯೋಜನೆಯ ಕರಡು: ಪರಿಶೀಲನೆ ಹೀಗಿರಲಿ

ಎಲ್ಲರ ಗಮನಕ್ಕೆ. ಕರಡು ಬರೆದವರೇ ಅದನ್ನು ಪರಿಶೀಲಿಸುವುದು ಬೇಡ. ಸಮಿತಿಗೆ ಸೇರದ ಮೂವರಿಗೆ ಕೊಡಿ: ಪಶುವೈದ್ಯರು, ಕೀಟತಜ್ಞರು, ಸಾಗಾಟ ಬಲ್ಲವರು. ಸಹಿ ಬೀಳುವ ಮೊದಲೇ ಕೊಡಿ, ಆಮೇಲೆ ಯಾರೂ ತಿದ್ದುವುದಿಲ್ಲ.

ಬ್ರಿಟನ್ನಿನ 2011ರ ಯೋಜನೆ ಫ್ಲೂ ಬರುತ್ತದೆಂದೇ ನಂಬಿತ್ತು, ಬಂದದ್ದು ಕೊರೊನಾ. ಅಲ್ಲಿನ ಕೋವಿಡ್ ವಿಚಾರಣಾ ವರದಿ 2024ರಲ್ಲಿ ಈ ಕುರುಡನ್ನೇ ಎತ್ತಿ ತೋರಿಸಿತು. ನಮ್ಮಲ್ಲೂ ಅದೇ ಅಪಾಯ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡಂದಿನಿಂದ ಅದನ್ನು ಹರಡುವ ಉಣುಗು, ಸತ್ತ ಮಂಗ, ಬೇಸಿಗೆ ಇಷ್ಟೇ ನಮ್ಮ ಲೆಕ್ಕ. ಉಸಿರಿನಿಂದ ಹರಡುವ ರೋಗ ಜುಲೈ ಮಳೆಯಲ್ಲಿ ಬಂದರೆ? ಆಗುಂಬೆ ಘಾಟಿ ಬಂದ್ ಆದರೆ ತೀರ್ಥಹಳ್ಳಿಯ ರೋಗಿ ಮಣಿಪಾಲಕ್ಕೆ ಹೋಗುವುದು ಹೇಗೆ? ಕರೆಂಟಿಲ್ಲದ ಹೊಸನಗರದಲ್ಲಿ ರೋಗಿಯಿಂದ ಪರೀಕ್ಷೆಗೆ ತೆಗೆದ ಮಾದರಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡುವವರು ಯಾರು?

ಪ್ರತಿ ಆಕ್ಷೇಪಕ್ಕೂ ಲಿಖಿತ ಉತ್ತರ ಬೇಕು: ಒಪ್ಪಿದ್ದರೆ ಏನು ಬದಲಾಯಿತು, ಇಲ್ಲದಿದ್ದರೆ ಯಾಕೆ. ‘ಗಮನಿಸಲಾಗಿದೆ’ ಎಂದು ಬರೆದರೆ ವಾಪಸ್ ಕಳಿಸುತ್ತೇವೆ.